ಹತ್ತೊಂಬತ್ತನೆಯ ಬಾಗಿಲು

ಮನೆಗೆ ಬೆಂಕಿ ಬಿದ್ದರೆ ಅಗ್ನಿಶಾಮಕ ದಳವನ್ನು ಕರೆಯಬೇಕೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ನೆರೆಯಲ್ಲಿ ಸಿಕ್ಕಿಕೊಂಡವರ ಬಳಿಗೂ ಅದೇ ದಳ ದೋಣಿ, ಹಗ್ಗಗಳೊಡನೆ ಧಾವಿಸುತ್ತದೆ. ಕರ್ನಾಟಕದಲ್ಲಿ ಅದರ ಹೆಸರೇ ಈಗ ‘ಅಗ್ನಿಶಾಮಕ ಮತ್ತು ತುರ್ತು ಸೇವೆಗಳು’. ಆದರೆ ತುಂಬಿ ನಿಂತ ಅಣೆಕಟ್ಟಿನ ಬಾಗಿಲೇ ಕಿತ್ತುಹೋದರೆ ಯಾರನ್ನು ಕರೆಯಬೇಕು?

2024ನೆಯ ಇಸವಿ ಆಗಸ್ಟ್ 10ರ ರಾತ್ರಿ ಹೊಸಪೇಟೆಯಲ್ಲಿ ಈ ಪ್ರಶ್ನೆ ನಿಜವಾಗಿಯೇ ಎದುರಾಯಿತು. ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳ ಪೈಕಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ, 60 ಅಡಿ ಅಗಲ, 20 ಅಡಿ ಎತ್ತರದ ಆ ಉಕ್ಕಿನ ಬಾಗಿಲು ಪ್ರವಾಹದಲ್ಲಿ ಕೊಚ್ಚಿಹೋಯಿತು. ಆ ಒಂದೇ ತೆರಪಿನಿಂದ ಸೆಕೆಂಡಿಗೆ ಸುಮಾರು 35,000 ಘನ ಅಡಿ ನೀರು ಭೋರ್ಗರೆಯುತ್ತ ನದಿಗೆ ನುಗ್ಗತೊಡಗಿತು. ಕಟ್ಟೆಯ ಮೇಲಿನ ಒತ್ತಡವನ್ನು ತಗ್ಗಿಸಲು ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತು.

ಕೆಳಗಿನ ಊರುಗಳಿಗೆ ಹೊಳೆಯ ಮುನಿಸು ಹೊಸದಲ್ಲ. ಹೊರಹರಿವು ಮಿತಿಮೀರಿದಾಗ ಹಂಪೆಯ ಪುರಂದರ ಮಂಟಪ ನೀರಿನಲ್ಲಿ ಅಡಗುತ್ತದೆ. ಕಂಪ್ಲಿ-ಗಂಗಾವತಿಯ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. 2019ರ ಆಗಸ್ಟಿನಲ್ಲಿ ಹಂಪೆಯೆದುರಿನ ವಿರೂಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ನೀರಿನ ನಡುವೆ ಸಿಕ್ಕಿಕೊಂಡಿದ್ದರು. ಅವರನ್ನು ಪಾರುಮಾಡಲು ದೋಣಿಗಳಲ್ಲದೆ ಹೆಲಿಕಾಪ್ಟರುಗಳೂ ಬೇಕಾದುವು. ಆಗ ರಕ್ಷಕರ ದೋಣಿಯೇ ಮಗುಚಿ, ಅವರನ್ನೂ ರಕ್ಷಿಸುವ ಪ್ರಸಂಗ ಬಂದಿತ್ತು.

2024ರ ಸಂಕಟಕ್ಕೆ ಮತ್ತೊಂದು ಮುಖವಿದ್ದಿತು. ಜಲಾಶಯದ ಪೂರ್ಣ ಮಟ್ಟ 1633 ಅಡಿ. ಬಾಗಿಲುಗಳು ಕುಳಿತುಕೊಳ್ಳುವ ಹೊಸ್ತಿಲು 1613 ಅಡಿ. ನೀರು ಹೊಸ್ತಿಲಿಗೆ ಇಳಿಯುವವರೆಗೆ ಕಾಯುವುದು ಸುರಕ್ಷಿತ ಮಾರ್ಗ. ಆದರೆ ಹಾಗೆ ಕಾದರೆ 105 ಟಿ.ಎಂ.ಸಿ.ಗೂ ಮಿಗಿಲಾದ ಸಂಗ್ರಹದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ವ್ಯರ್ಥವಾಗಿ ಹರಿದುಹೋಗುತ್ತಿತ್ತು. ಕರ್ನಾಟಕ, ಆಂಧ್ರ, ತೆಲಂಗಾಣಗಳ ರೈತರು ಆ ನೀರನ್ನೇ ನೆಚ್ಚಿ ಭತ್ತ ನಾಟಿ ಮಾಡಿದ್ದರು. ಒಂದು ಬಾಗಿಲಿನೊಡನೆ ಒಂದು ವರ್ಷದ ಅನ್ನವೂ ಕೊಚ್ಚಿಹೋಗುವ ಭೀತಿ ಕವಿಯಿತು.

ಆಗ ಸರಕಾರ ಬರಮಾಡಿಕೊಂಡುದು ಕನ್ನಯ್ಯ ನಾಯ್ಡು ಎಂಬ ಇಳಿವಯಸ್ಸಿನ ತಜ್ಞರನ್ನು. ಅಣೆಕಟ್ಟುಗಳ ಬಾಗಿಲುಗಳ ಮರ್ಮವನ್ನರಿಯುವುದರಲ್ಲೇ ಬಾಳು ಸವೆಸಿದವರು ಅವರು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಯನ್ನು ಇಳಿಸಬೇಕೆಂದು ನಿಶ್ಚಯವಾಯಿತು. ಇಪ್ಪತ್ತಡಿಯ ಬಾಗಿಲನ್ನು ಒಂದೇ ಹಲಗೆಯಾಗಿ ಮಾಡಿದರೆ ಪ್ರವಾಹಕ್ಕೆ ಅದು ನಿಲ್ಲುವುದೆಂತು? ಆದುದರಿಂದ ನಾಲ್ಕು ನಾಲ್ಕು ಅಡಿ ಎತ್ತರದ ಐದು ಉಕ್ಕಿನ ತುಂಡುಗಳನ್ನು ಸಿದ್ಧಗೊಳಿಸಿ, ಒಂದರ ಮೇಲೊಂದನ್ನು ಕೂಡಿಸುವ ಯೋಜನೆ ಹೂಡಿದರು. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೂ ಹೊಸಪೇಟೆಯ ಕಮ್ಮಟಗಳೂ ಈ ಕೆಲಸಕ್ಕೆ ಟೊಂಕ ಕಟ್ಟಿದುವು.

ಮೊದಲ ಯತ್ನ ಫಲಿಸಲಿಲ್ಲ. ಅಡ್ಡಿಯಾದ ಭಾಗಗಳನ್ನು ಕತ್ತರಿಸಿ ತೆಗೆದು ಮತ್ತೆ ತೊಡಗಿದರು. ಕಟ್ಟೆಯ ಮೇಲಿನ ಕ್ರೇನುಗಳಿಂದ ತೂಗಿಬಿಟ್ಟ ಉಕ್ಕಿನ ತುಂಡನ್ನು, ಕೆಳಗೆ ನೀರು ಅಬ್ಬರಿಸುತ್ತಿರುವಾಗ, ಕೂದಲೆಳೆಯಷ್ಟೂ ಓರೆಯಾಗದಂತೆ ಗಾಡಿಗೆ ಇಳಿಸಬೇಕು. ಹತ್ತಾರು ಕಾರ್ಮಿಕರ ಕೈ, ಒಬ್ಬನ ಸನ್ನೆ! ಆಗಸ್ಟ್ 16ರಂದು ಮೊದಲ ತುಂಡು ಕುಳಿತಿತು. ಮರುದಿನ ಉಳಿದವೂ ಕುಳಿತು ನೀರು ನಿಂತಿತು. ಜಲಾಶಯದಲ್ಲಿ ಆಗಲೂ ಸುಮಾರು 70 ಟಿ.ಎಂ.ಸಿ. ನೀರು ಉಳಿದಿದ್ದಿತು. ಮಳೆರಾಯನೂ ಕೈಹಿಡಿದ, ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ತುಂಬಿ ಬಾಗಿನ ಪಡೆಯಿತು.

ಅದೇ ಸೆಪ್ಟೆಂಬರಿನಲ್ಲಿ ವಿಜಯವಾಡದ ಪ್ರಕಾಶಂ ಬ್ಯಾರೇಜಿಗೆ ದೋಣಿಗಳು ಬಡಿದು ಅದರ ಬಾಗಿಲುಗಳ ಭಾರಗಲ್ಲುಗಳು ಜಖಂಗೊಂಡುವು. ಅಲ್ಲಿಗೂ ಕರೆಹೋದುದು ಈ ನಾಯ್ಡು ಅವರಿಗೇ. ಇದು ಅವರ ಹಿರಿಮೆ, ನಿಜ. ಆದರೆ ಯೋಚಿಸಿದರೆ ಎದೆ ನಡುಗುವ ಮಾತೂ ಹೌದು. ಇಷ್ಟು ವಿಶಾಲವಾದ ನಾಡಿನಲ್ಲಿ ಇಂಥ ವಿದ್ಯೆಯನ್ನು ಬಲ್ಲ ಕೈಗಳು ಎಷ್ಟು? ಅಣೆಕಟ್ಟುಗಳ ಬಾಗಿಲುಗಳನ್ನೇ ತಯಾರಿಸುತ್ತಿದ್ದ ಸರಕಾರಿ ಕಾರ್ಖಾನೆ, ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್, ಹೊಸಪೇಟೆಯಲ್ಲಿಯೇ ಇದ್ದಿತು. ಅದನ್ನು ಮುಚ್ಚಲು ಕೇಂದ್ರ ಸರಕಾರ 2015ರಲ್ಲಿ ಒಪ್ಪಿಗೆಯಿತ್ತಿತು.

ಪ್ರತಿಯೊಂದು ದೊಡ್ಡ ಅಣೆಕಟ್ಟಿಗೂ ತುರ್ತು ಕಾರ್ಯಯೋಜನೆ ಇರತಕ್ಕದ್ದೆಂದು 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ವಿಧಿಸಿದೆ. ಯೋಜನೆ ಕಾಗದದ ಮೇಲಿದ್ದರೆ ಸಾಲದು. ಅಗ್ನಿಶಾಮಕ ದಳದವರು ಬೆಂಕಿಯಿಲ್ಲದ ದಿನವೂ ಏಣಿ ಹತ್ತಿ ಇಳಿಯುವ ಅಭ್ಯಾಸ ಮಾಡುವಂತೆ, ಅಣೆಕಟ್ಟುಗಳಿಗೂ ನುರಿತ ಪಡೆಯೊಂದು ಬೇಕು. ಬದಲಿ ತುಂಡುಗಳು ಕಟ್ಟೆಯ ಬಳಿಯೇ ಸಿದ್ಧವಿರಬೇಕು. ಹಿರಿಯರ ಬಗಲಲ್ಲಿ ಕಿರಿಯರು ನಿಂತು ಕಲಿಯಬೇಕು. ಹತ್ತೊಂಬತ್ತನೆಯ ಬಾಗಿಲಿನ ಬಳಿ ಆ ವಾರ ದುಡಿದ ತರುಣ ಕಾರ್ಮಿಕರು ಈಗಾಗಲೇ ಮೊದಲ ಪಾಠ ಕಲಿತಿದ್ದಾರೆ. ಮುಂದಿನ ಪಾಠಗಳನ್ನು ಅವರಿಗೆ ಹೇಳಿಕೊಡುವ ಏರ್ಪಾಡಾಗಲಿ.