ಮೆಟ್ಟಿಲುಗಳಿಗೆ ರಬ್ಬರ್ ಹಾಸು: ಅಂಟಿಸುವ ಮುನ್ನ ಕೈಗೊಳ್ಳಬೇಕಾದ ಸಿದ್ಧತೆ

ಗ್ರಾಮ ಪಂಚಾಯಿತಿ ಕಾರ್ಯಾಲಯ, ಶಾಲೆ, ಗ್ರಂಥಾಲಯ ಮೊದಲಾದ ಎರಡು ಅಂತಸ್ತಿನ ಸಾರ್ವಜನಿಕ ಕಟ್ಟಡಗಳಲ್ಲಿ ಮೆಟ್ಟಿಲುಗಳು ಪ್ರತಿದಿನ ನೂರಾರು ಜನರ ಪಾದಗಳನ್ನು ಹೊರುತ್ತವೆ. ಹೊಳಪು ಕೊಟ್ಟ ಗ್ರಾನೈಟ್, ಸವೆದು ನುಣುಪಾದ ರೆಡ್ ಆಕ್ಸೈಡ್ ಗಾರೆ ಹಾಗೂ ಕಡಪ ಕಲ್ಲಿನ ಮೆಟ್ಟಿಲುಗಳು ಮಳೆಗಾಲದಲ್ಲಿ ಒದ್ದೆ ಪಾದರಕ್ಷೆಗಳಿಗೆ ಹಿಡಿತ ನೀಡುವುದಿಲ್ಲ. ಪಿಂಚಣಿಗಾಗಿ ಬರುವ ವೃದ್ಧರು, ಗರ್ಭಿಣಿಯರು, ಕಂಕುಳಲ್ಲಿ ಮಗುವನ್ನು ಎತ್ತಿಕೊಂಡ ತಾಯಂದಿರು ಮತ್ತು ಗಂಟೆ ಬಾರಿಸಿದೊಡನೆ ಓಡಿ ಇಳಿಯುವ ಮಕ್ಕಳಿಗೆ ಇದರಿಂದ ಅಪಾಯ ಹೆಚ್ಚು. ಈ ಕಾರಣಕ್ಕಾಗಿ ಮೆಟ್ಟಿಲುಗಳಿಗೆ ರಬ್ಬರ್ ಹಾಸು ಅಂಟಿಸುವುದು ಉಪಯುಕ್ತ ಕ್ರಮವಾಗಿದೆ.

ಆದರೆ ರಬ್ಬರ್ ಹಾಸು ಮೆಟ್ಟಿಲಿನ ದೋಷವನ್ನು ಮುಚ್ಚುತ್ತದೆಯೇ ಹೊರತು ಸರಿಪಡಿಸುವುದಿಲ್ಲ. ಮುರಿದ ಅಂಚು, ಸಡಿಲ ಗಾರೆ ಅಥವಾ ತೇವವಿರುವ ಮೆಟ್ಟಿಲಿನ ಮೇಲೆ ಅಂಟಿಸಿದ ಹಾಸು ಕೆಲವೇ ತಿಂಗಳುಗಳಲ್ಲಿ ಏಳತೊಡಗುತ್ತದೆ. ಹೀಗೆ ಎದ್ದ ಅಂಚು ಬರಿಯ ಮೆಟ್ಟಿಲಿಗಿಂತಲೂ ಅಪಾಯಕಾರಿ. ನುಣುಪಾದ ಕಲ್ಲನ್ನು ಕಂಡವರು ಎಚ್ಚರದಿಂದ ಕಾಲಿಡುತ್ತಾರೆ, ರಬ್ಬರ್ ಕಂಡವರು ನಂಬಿ ಕಾಲಿಡುತ್ತಾರೆ. ಆದುದರಿಂದ ಈ ಕಾಮಗಾರಿಯ ಗುಣಮಟ್ಟವು ಅಂಟಿನ ಡಬ್ಬಿಯನ್ನು ತೆರೆಯುವ ಮುನ್ನವೇ ನಿರ್ಧಾರವಾಗಿರುತ್ತದೆ. ಆ ಸಿದ್ಧತೆಯ ಹಂತಗಳನ್ನು ಇಲ್ಲಿ ವಿವರಿಸಲಾಗಿದೆ.

ಮೆಟ್ಟಿಲಿನ ಭಾಗಗಳು

ಪಾದ ಊರುವ ಸಮತಲ ಭಾಗವು ಟ್ರೆಡ್. ಎರಡು ಟ್ರೆಡ್‌ಗಳ ನಡುವಣ ನಿಲುವು ಮುಖವು ರೈಸರ್. ಟ್ರೆಡ್‌ನ ಮುಂದಿನ ಅಂಚು ನೋಸಿಂಗ್. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಶಾಲೆ, ಕಚೇರಿಗಳಂತಹ ಕಟ್ಟಡಗಳಲ್ಲಿ ಟ್ರೆಡ್‌ನ ಅಗಲ 300 ಮಿ.ಮೀ.ಗಿಂತ ಕಡಿಮೆಯಿರಬಾರದು, ರೈಸರ್‌ನ ಎತ್ತರ 150 ಮಿ.ಮೀ.ಗಿಂತ ಹೆಚ್ಚಿರಬಾರದು. ಹಳೆಯ ಕಟ್ಟಡಗಳಲ್ಲಿ ಈ ಅಳತೆಗಳು ಇಲ್ಲದಿರಬಹುದು. ಟ್ರೆಡ್ ತೀರಾ ಕಿರಿದಾಗಿದ್ದು ಅರ್ಧ ಪಾದ ಮಾತ್ರ ಊರಲು ಸಾಧ್ಯವಿದ್ದಲ್ಲಿ ರಬ್ಬರ್ ಹಾಸಿನಿಂದ ಸುರಕ್ಷತೆ ದೊರೆಯುವುದಿಲ್ಲ. ಅಂತಹ ಮೆಟ್ಟಿಲನ್ನು ಮರುನಿರ್ಮಿಸುವ ಬಗ್ಗೆಯೇ ತಾಂತ್ರಿಕ ಅಭಿಪ್ರಾಯ ಪಡೆಯತಕ್ಕದ್ದು. ಮಳೆ, ಬಿಸಿಲಿಗೆ ತೆರೆದಿರುವ ಹೊರಮೆಟ್ಟಿಲುಗಳಿಗೆ ಒಳಾಂಗಣದ ಹಾಸನ್ನು ಅಂಟಿಸುವುದು ಸೂಕ್ತವಲ್ಲ. ಅಲ್ಲಿ ಕಲ್ಲಿನ ಮೇಲ್ಮೈಯನ್ನು ಒರಟುಗೊಳಿಸುವುದು ಅಥವಾ ಮೇಲ್ಚಾವಣಿ ಒದಗಿಸುವುದು ಮೇಲು.

ಮೊದಲ ಹಂತ: ಪರಿಶೀಲನೆ

ಪ್ರತಿ ಮೆಟ್ಟಿಲಿಗೂ ಕೆಳಗಿನಿಂದ ಮೇಲಕ್ಕೆ ಕ್ರಮಸಂಖ್ಯೆ ನೀಡಿ, ಅಗಲ, ಉದ್ದ ಮತ್ತು ಎತ್ತರಗಳನ್ನು ಪ್ರತ್ಯೇಕವಾಗಿ ಅಳೆದು ಬರೆದುಕೊಳ್ಳಬೇಕು. ಒಂದು ಮೆಟ್ಟಿಲನ್ನು ಅಳೆದು ಉಳಿದವೂ ಅಷ್ಟೇ ಎಂದು ಭಾವಿಸುವುದು ಸರಿಯಲ್ಲ. ಸ್ಥಳದಲ್ಲೇ ಕಾಂಕ್ರೀಟ್ ಹಾಕಿ ಕಟ್ಟಿದ ಮೆಟ್ಟಿಲುಗಳಲ್ಲಿ ಅಳತೆಗಳು ಒಂದಕ್ಕೊಂದು ಭಿನ್ನವಾಗಿರುವುದು ಸಾಮಾನ್ಯ. ಅಕ್ಕಪಕ್ಕದ ರೈಸರ್‌ಗಳ ಎತ್ತರದಲ್ಲಿ 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡುಬಂದಲ್ಲಿ ಗಾರೆಯ ಮೂಲಕ ಸರಿದೂಗಿಸುವುದು ಒಳಿತು. ಏಕೆಂದರೆ ಇಳಿಯುವವರು ಮೊದಲ ಎರಡು ಮೂರು ಮೆಟ್ಟಿಲುಗಳ ಅಂದಾಜಿನ ಮೇಲೆಯೇ ಮುಂದಿನ ಹೆಜ್ಜೆಗಳನ್ನು ಇಡುತ್ತಾರೆ.

ಅನಂತರ ಸಣ್ಣ ಸುತ್ತಿಗೆಯಿಂದ ಇಡೀ ಮೆಟ್ಟಿಲನ್ನು ಮೃದುವಾಗಿ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದಲ್ಲಿ ಮೇಲಿನ ಗಾರೆ ಅಥವಾ ಕಲ್ಲು ಕೆಳಗಿನ ಕಾಂಕ್ರೀಟ್‌ನಿಂದ ಬಿಟ್ಟುಕೊಂಡಿದೆ ಎಂದರ್ಥ. ಅಂತಹ ಭಾಗಗಳನ್ನು ಸೀಮೆಸುಣ್ಣದಿಂದ ಗುರುತಿಸಬೇಕು. ರಸಮಟ್ಟವನ್ನಿಟ್ಟು ತಗ್ಗುಗಳನ್ನೂ ಗುರುತಿಸಬೇಕು. ದಶಕಗಳಿಂದ ಬಳಕೆಯಲ್ಲಿರುವ ಮೆಟ್ಟಿಲುಗಳ ನಡುಭಾಗವು ಸವೆದು ತಗ್ಗಾಗಿರುತ್ತದೆ. ಆ ತಗ್ಗಿನ ಮೇಲೆ ಹಾಸು ಕುಳಿತರೆ ಕೆಳಗೆ ಗಾಳಿ ಉಳಿದು, ಪ್ರತಿ ಹೆಜ್ಜೆಗೂ ರಬ್ಬರ್ ಮೇಲೆ ಕೆಳಗೆ ಆಡಿ ಅಂಟು ಬಿಡುತ್ತದೆ.

ಎರಡನೆಯ ಹಂತ: ತೇವದ ಪರೀಕ್ಷೆ

ರಬ್ಬರ್ ಹಾಸಿನ ಮೂಲಕ ತೇವವು ಹೊರಹೋಗಲಾರದು. ಕೆಳಗಿನಿಂದ ಬರುವ ತೇವ ಹಾಸಿನ ಅಡಿಯಲ್ಲಿಯೇ ಸಿಲುಕಿ ಅಂಟನ್ನು ಮೆತ್ತಗಾಗಿಸುತ್ತದೆ. ತೇವವನ್ನು ತಿಳಿಯಲು ಸರಳ ವಿಧಾನವಿದೆ. ಸುಮಾರು 45 ಸೆಂ.ಮೀ. ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮೆಟ್ಟಿಲುಗಳ ನಡುವಣ ವಿಶ್ರಾಂತಿ ಕಟ್ಟೆಯ ಮೇಲೆ ಹರಡಿ, ನಾಲ್ಕೂ ಅಂಚುಗಳನ್ನು ಗಾಳಿಯಾಡದಂತೆ ಟೇಪಿನಿಂದ ಮುಚ್ಚಬೇಕು. ಟ್ರೆಡ್‌ಗಳ ಮೇಲೆ ಅವುಗಳ ಅಗಲಕ್ಕೆ ತಕ್ಕಂತೆ ಕತ್ತರಿಸಿದ ಹಾಳೆಯನ್ನು ಬಳಸಬಹುದು. ಕನಿಷ್ಠ 16 ಗಂಟೆಗಳ ನಂತರ ಹಾಳೆಯ ಒಳಬದಿಯಲ್ಲಿ ನೀರಹನಿ ಕಂಡರೆ ಅಥವಾ ಕೆಳಗಿನ ಕಾಂಕ್ರೀಟ್ ಕಪ್ಪಾಗಿದ್ದರೆ ಮೆಟ್ಟಿಲು ಇನ್ನೂ ಒಣಗಿಲ್ಲ. ನೇರ ಬಿಸಿಲು ಬೀಳುವ ಜಾಗದಲ್ಲಿ ಈ ಪರೀಕ್ಷೆ ಸರಿಯಾದ ಫಲಿತಾಂಶ ನೀಡುವುದಿಲ್ಲ.

ತೇವ ಕಂಡಲ್ಲಿ ಅದರ ಮೂಲವನ್ನು ಹುಡುಕಬೇಕು. ಚಾವಣಿಯ ಸೋರಿಕೆ, ತುಂಬಿ ಹರಿಯುವ ನೀರಿನ ತೊಟ್ಟಿ, ಗೋಡೆಯೊಳಗಿನ ಒಡೆದ ಕೊಳವೆ, ಅಡಿಪಾಯದಿಂದ ಏರುವ ತೇವ – ಇವು ಸಾಮಾನ್ಯ ಕಾರಣಗಳು. ಗೋಡೆಯ ಬುಡದಲ್ಲಿ ಬಿಳಿಯ ಉಪ್ಪಿನ ಪುಡಿ ಕಾಣಿಸಿಕೊಳ್ಳುವುದು ತೇವ ಏರುತ್ತಿರುವುದರ ಲಕ್ಷಣ. ಮೂಲವನ್ನು ಸರಿಪಡಿಸದೆ ಹಾಸು ಅಂಟಿಸುವುದು ಹಣದ ಅಪವ್ಯಯ. ಹೊಸ ಕಾಂಕ್ರೀಟ್ ಮೆಟ್ಟಿಲುಗಳಾದಲ್ಲಿ 28 ದಿನಗಳು ಕಳೆದವೆಂಬ ಮಾತ್ರಕ್ಕೆ ಸಿದ್ಧವಾದಂತಲ್ಲ. 28 ದಿನಗಳು ಕಾಂಕ್ರೀಟಿನ ಬಲಕ್ಕೆ ಸಂಬಂಧಿಸಿದ ಅವಧಿ. ಒಣಗಲು ಅದಕ್ಕಿಂತ ಹೆಚ್ಚು ಕಾಲ ಬೇಕಾಗಬಹುದು, ಪರೀಕ್ಷೆಯೇ ಆಧಾರ. ಮಲೆನಾಡು ಮತ್ತು ಕರಾವಳಿ ಜಿಲ್ಲೆಗಳಲ್ಲಿ ಈ ಕಾಮಗಾರಿಯನ್ನು ಜನವರಿಯಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಲ್ಲಿ ಕೈಗೊಳ್ಳುವುದು ಸೂಕ್ತ.

ಮೂರನೆಯ ಹಂತ: ಮೇಲ್ಮೈಯ ಶುದ್ಧೀಕರಣ

ಅಂಟು ತಾನು ಮುಟ್ಟಿದ ಪದರವನ್ನು ಮಾತ್ರ ಹಿಡಿಯುತ್ತದೆ. ಮೆಟ್ಟಿಲಿನ ಮೇಲೆ ಬಣ್ಣದ ಪದರವಿದ್ದರೆ ಅದು ಬಣ್ಣವನ್ನು ಹಿಡಿಯುತ್ತದೆ. ಬಣ್ಣ ಕಿತ್ತುಬಂದ ದಿನ ಹಾಸೂ ಕಿತ್ತುಬರುತ್ತದೆ. ಆದುದರಿಂದ ಹಳೆಯ ಬಣ್ಣ, ಗೋಡೆಗೆ ಸುಣ್ಣ ಬಳಿಯುವಾಗ ಬಿದ್ದ ಹನಿಗಳು, ರೆಡ್ ಆಕ್ಸೈಡ್ ನೆಲಕ್ಕೆ ಹಚ್ಚಿದ ಮೇಣ, ಹಿಂದಿನ ಹಾಸಿನ ಅಂಟು ಇವೆಲ್ಲವನ್ನೂ ಕೆರೆದು ತೆಗೆಯಬೇಕು. ಶಾಲೆಗಳಲ್ಲಿ ಬಿಸಿಯೂಟದ ಪಾತ್ರೆಗಳನ್ನು ಮೇಲಂತಸ್ತಿಗೆ ಸಾಗಿಸುವ ಮೆಟ್ಟಿಲುಗಳ ಮೇಲೆ ಎಣ್ಣೆಯ ಜಿಡ್ಡು ಇರುತ್ತದೆ. ಅದನ್ನು ಮಾರ್ಜಕದ ನೀರಿನಿಂದ ತಿಕ್ಕಿ, ಶುದ್ಧ ನೀರಿನಿಂದ ಒರೆಸಿ, ಪೂರ್ಣವಾಗಿ ಒಣಗಲು ಬಿಡಬೇಕು. ಸೀಮೆಎಣ್ಣೆ ಬಳಸಬಾರದು, ಅದು ತಾನೇ ಒಂದು ಜಿಡ್ಡಿನ ಪದರವನ್ನು ಉಳಿಸುತ್ತದೆ.

ಗ್ರಾನೈಟ್, ಟೈಲ್ಸ್ ಮತ್ತು ಹೊಳಪಿನ ಕಲ್ಲುಗಳ ಮೇಲ್ಮೈಯನ್ನು ಗ್ರೈಂಡಿಂಗ್ ಯಂತ್ರದಿಂದ ಒರಟುಗೊಳಿಸಬೇಕು. ಅಲ್ಲಾಡುವ ಕಲ್ಲುಗಳನ್ನು ತೆಗೆದು ಮರುಜೋಡಿಸಬೇಕು ಮತ್ತು ಸಂದುಗಳನ್ನು ಸಮತಟ್ಟಾಗಿ ತುಂಬಬೇಕು. ಇಲ್ಲವಾದಲ್ಲಿ ಸಂದಿನ ಗೆರೆ ಕ್ರಮೇಣ ರಬ್ಬರಿನ ಮೇಲೂ ಮೂಡುತ್ತದೆ. ಹಳೆಯ ಲೋಹದ ಪಟ್ಟಿಗಳನ್ನು ಕಿತ್ತು ಸ್ಕ್ರೂ ರಂಧ್ರಗಳನ್ನು ಮುಚ್ಚಬೇಕು. ಮರದ ಮೆಟ್ಟಿಲುಗಳಲ್ಲಿ ಅಲ್ಲಾಡುವ ಹಲಗೆಗಳನ್ನು ಸ್ಕ್ರೂಗಳಿಂದ ಬಿಗಿದು, ಗೆದ್ದಲು ಹಿಡಿದ ಹಲಗೆಗಳನ್ನು ಬದಲಿಸಿದ ನಂತರವೇ ಮುಂದುವರಿಯಬೇಕು.

ಕೆಲಸ ಮುಗಿದ ಮೇಲೆ ಕಾಂಕ್ರೀಟ್ ಅಥವಾ ಗಾರೆಯ ಮೆಟ್ಟಿಲಿನ ಅಲ್ಲಲ್ಲಿ ಒಂದೊಂದು ಹನಿ ನೀರು ಹಾಕಿ ನೋಡಬೇಕು. ಹನಿಯು ಇಂಗಿದರೆ ಮೇಲ್ಮೈ ಅಂಟಿಗೆ ಸಿದ್ಧವಾಗಿದೆ. ಮುತ್ತಿನಂತೆ ನಿಂತರೆ ಮೇಣ ಅಥವಾ ಎಣ್ಣೆ ಇನ್ನೂ ಉಳಿದಿದೆ.

ನಾಲ್ಕನೆಯ ಹಂತ: ದುರಸ್ತಿ ಮತ್ತು ಅಂಚಿನ ಕೆಲಸ

ಟೊಳ್ಳು ಗಾರೆಯನ್ನು ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಉಳಿಯಿಂದ ತೆಗೆದು, ಧೂಳನ್ನು ಸಂಪೂರ್ಣವಾಗಿ ಗುಡಿಸಿ ಹೊಸ ಗಾರೆಯಿಂದ ತುಂಬಬೇಕು. ತೆಳುವಾದ ತಗ್ಗುಗಳಿಗೆ ಬರಿಯ ಸಿಮೆಂಟ್ ಹಾಲನ್ನು ಬಳಿದರೆ ಅದು ಹಕ್ಕಳೆಯಾಗಿ ಏಳುತ್ತದೆ. ಪಾಲಿಮರ್ ಬೆರೆಸಿದ ದುರಸ್ತಿ ಗಾರೆಯನ್ನು ಬಳಸಬೇಕು. ದುರಸ್ತಿಯಿಂದ ಮೆಟ್ಟಿಲಿಗೆ ಮತ್ತೆ ನೀರು ಸೇರುವುದರಿಂದ, ಗಾರೆ ಗಟ್ಟಿಯಾದ ಬಳಿಕ ತೇವದ ಪರೀಕ್ಷೆಯನ್ನು ಪುನಃ ನಡೆಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ನೋಸಿಂಗ್. ಇಳಿಯುವವರ ಭಾರವೆಲ್ಲ ಮೊದಲು ಬೀಳುವುದು ಇದರ ಮೇಲೆಯೇ. ಮುರಿದ ಅಂಚಿನ ಸಡಿಲ ಭಾಗವನ್ನು ತೆಗೆದು, ಒರಟುಗೊಳಿಸಿ, ರೈಸರ್‌ಗೆ ನೇರವಾದ ಮರದ ಪಟ್ಟಿಯನ್ನು ಒತ್ತಿಹಿಡಿದು ದುರಸ್ತಿ ಗಾರೆಯಿಂದ ಅಂಚನ್ನು ಮರುರೂಪಿಸಬೇಕು. ರಬ್ಬರ್ ಹಾಸಿನ ಮಡಿಕೆಯು ಚೌಕಾಕಾರದ್ದೋ ದುಂಡನೆಯದ್ದೋ ಎಂಬುದನ್ನು ಖರೀದಿಗೆ ಮುನ್ನ ತಿಳಿದು, ಮೆಟ್ಟಿಲಿನ ಅಂಚನ್ನು ಅದಕ್ಕೆ ಹೊಂದಿಸಬೇಕು. ಅಂಟು ಹಚ್ಚದೆ ಹಾಸನ್ನು ಇಟ್ಟು ನೋಡಿದಾಗ ಮಡಿಕೆಗೂ ಅಂಚಿಗೂ ನಡುವೆ ಪೊಳ್ಳು ಉಳಿಯಬಾರದು. ಅಲ್ಪಸ್ವಲ್ಪ ಪೊಳ್ಳನ್ನು ನೋಸಿಂಗ್‌ಗೆಂದೇ ದೊರೆಯುವ ಎಪಾಕ್ಸಿ ಪೂರಕದಿಂದ ತುಂಬಬೇಕು. ಪೊಳ್ಳು ಹಾಗೆಯೇ ಉಳಿದಲ್ಲಿ ಪ್ರತಿ ಹೆಜ್ಜೆಗೂ ರಬ್ಬರ್ ಬಾಗಿ ಕೊನೆಗೆ ಮಡಿಕೆಯಲ್ಲೇ ಸೀಳುತ್ತದೆ.

ಐದನೆಯ ಹಂತ: ದಪ್ಪದ ಲೆಕ್ಕ

ಹಾಸಿನ ದಪ್ಪವು ಮೆಟ್ಟಿಲಿನ ಎತ್ತರವನ್ನು ಬದಲಿಸುತ್ತದೆ. ಎಲ್ಲ ಟ್ರೆಡ್‌ಗಳಿಗೂ 5 ಮಿ.ಮೀ. ದಪ್ಪದ ಹಾಸು ಹಾಕಿ ವಿಶ್ರಾಂತಿ ಕಟ್ಟೆಯನ್ನು ಹಾಗೆಯೇ ಬಿಟ್ಟರೆ, ಕಟ್ಟೆಗೆ ಏರುವ ಹೆಜ್ಜೆ 5 ಮಿ.ಮೀ. ಕಡಿಮೆಯಾಗುತ್ತದೆ ಮತ್ತು ಕಟ್ಟೆಯಿಂದ ಮೇಲಕ್ಕೆ ಏರುವ ಮೊದಲ ಹೆಜ್ಜೆ 5 ಮಿ.ಮೀ. ಹೆಚ್ಚಾಗುತ್ತದೆ. ಹೀಗೆ ಪಕ್ಕಪಕ್ಕದ ಎರಡು ಹೆಜ್ಜೆಗಳ ನಡುವೆ 10 ಮಿ.ಮೀ. ಅಂತರವುಂಟಾಗಿ, ಸರಿಯಿದ್ದ ಮೆಟ್ಟಿಲು ಎಡವುವ ಮೆಟ್ಟಿಲಾಗುತ್ತದೆ. ಆದುದರಿಂದ ಕಟ್ಟೆಗೂ ಅದೇ ದಪ್ಪದ ಹಾಸನ್ನು ಹಾಕತಕ್ಕದ್ದು. ನೆಲದಿಂದ ಏರುವ ಮೊದಲ ರೈಸರ್ ಹಾಸಿನ ದಪ್ಪದಷ್ಟು ಹೆಚ್ಚಾಗುವುದರಿಂದ, ಅದು ಮೊದಲೇ ಉಳಿದವುಗಳಿಗಿಂತ ಎತ್ತರವಾಗಿದ್ದಲ್ಲಿ ಮೊದಲು ಅದನ್ನು ಸರಿಪಡಿಸಬೇಕು.

ಆರನೆಯ ಹಂತ: ಹಾಸು ಮತ್ತು ಅಂಟು

ಸುರುಳಿ ಸುತ್ತಿ ಬಂದ ಹಾಸನ್ನು ಬಿಡಿಸಿ, ಅದೇ ಕಟ್ಟಡದೊಳಗೆ ಒಂದೆರಡು ದಿನ ಸಮತಟ್ಟಾಗಿ ಹರಡಿಡಬೇಕು. ಹಾಗೆ ಮಾಡಿದಾಗ ಸುರುಳಿಯ ಬಾಗು ಇಳಿದು, ಹಾಸು ಅಲ್ಲಿನ ಉಷ್ಣಾಂಶಕ್ಕೆ ಹೊಂದಿಕೊಳ್ಳುತ್ತದೆ. ಪ್ರತಿ ತುಂಡನ್ನೂ ಆಯಾ ಮೆಟ್ಟಿಲಿನ ಅಳತೆಗೆ ಕತ್ತರಿಸಿ, ಹಿಂಬದಿಯಲ್ಲಿ ಕ್ರಮಸಂಖ್ಯೆ ಬರೆದು, ಅಂಟಿಲ್ಲದೆ ಜೋಡಿಸಿ ನೋಡಬೇಕು. ಅಂಚಿನ ಸುಮಾರು 50 ಮಿ.ಮೀ. ಪಟ್ಟಿಯು ಉಳಿದ ಭಾಗಕ್ಕಿಂತ ಎದ್ದು ಕಾಣುವ ಬಣ್ಣದ್ದಾಗಿದ್ದರೆ ದೃಷ್ಟಿ ಮಂದವಾದವರಿಗೆ ಬಹಳ ಸಹಾಯವಾಗುತ್ತದೆ.

ತಯಾರಕರು ಆ ಹಾಸಿಗೆ ಸೂಚಿಸಿದ ಅಂಟನ್ನೇ ಬಳಸಬೇಕು. ಅನೇಕ ಅಂಟುಗಳ ಆವಿ ಬೆಂಕಿ ಹತ್ತುವಂಥದ್ದು ಹಾಗೂ ಉಸಿರಾಟಕ್ಕೆ ಹಾನಿಕರ. ಕಿಟಕಿಗಳನ್ನು ತೆರೆದಿಟ್ಟು, ಬೀಡಿ, ಸಿಗರೇಟು, ಕಿಡಿ ಹಾರುವ ಯಂತ್ರಗಳನ್ನು ದೂರವಿಡಬೇಕು. ಶಾಲೆಗಳಲ್ಲಿ ರಜಾ ದಿನಗಳಲ್ಲಿಯೇ ಕೆಲಸ ಮಾಡಿಸಬೇಕು. ಅಂಟಿಸಿದ ನಂತರ ಡಬ್ಬಿಯ ಮೇಲೆ ಸೂಚಿಸಿರುವ ಅವಧಿಯವರೆಗೆ, ಕನಿಷ್ಠ 24 ಗಂಟೆಗಳ ಕಾಲ, ಮೆಟ್ಟಿಲನ್ನು ಹಗ್ಗ ಕಟ್ಟಿ ಮುಚ್ಚಿರಬೇಕು. ಕಟ್ಟಡಕ್ಕೆ ಬೇರೆ ಮೆಟ್ಟಿಲು ಇಲ್ಲದಿದ್ದಲ್ಲಿ ಆ ಅವಧಿಯ ಸೇವೆಗಳನ್ನು ನೆಲ ಅಂತಸ್ತಿನಲ್ಲಿ ಒದಗಿಸುವ ಬಗ್ಗೆ ಮುಂಚಿತವಾಗಿ ಸೂಚನಾ ಫಲಕದಲ್ಲಿ ತಿಳಿಸಬೇಕು.

ಅಂದಾಜುಪಟ್ಟಿ ಮತ್ತು ದಾಖಲೆ

ಅಂದಾಜುಪಟ್ಟಿಯಲ್ಲಿ ರಬ್ಬರ್ ಹಾಸಿನ ಚದರ ಮೀಟರ್‌ಗಳನ್ನು ಮಾತ್ರ ನಮೂದಿಸಿದರೆ, ಸಿದ್ಧತೆಗೆ ಹಣವಿಲ್ಲವೆಂಬ ಕಾರಣಕ್ಕೆ ಅದು ಕೈಬಿಟ್ಟುಹೋಗುತ್ತದೆ. ಉದಾಹರಣೆಗೆ 3 ಮೀಟರ್ ಎತ್ತರದ ಅಂತಸ್ತಿಗೆ 150 ಮಿ.ಮೀ. ಎತ್ತರದ 20 ರೈಸರ್‌ಗಳು ಬೇಕು. ನಡುವೆ ಒಂದು ಕಟ್ಟೆಯಿರುವ, 1.5 ಮೀಟರ್ ಅಗಲದ ಮೆಟ್ಟಿಲಾದರೆ ಟ್ರೆಡ್‌ಗಳು 18; ತಲಾ 300 ಮಿ.ಮೀ. ಅಗಲದಂತೆ ಅವುಗಳ ವಿಸ್ತೀರ್ಣ 8.1 ಚದರ ಮೀಟರ್. ಆದರೆ ಅಂಚುಗಳು 18 ಅಲ್ಲ, 20. ಕಟ್ಟೆಯ ಅಂಚು ಮತ್ತು ಮೇಲಂತಸ್ತಿನ ನೆಲದ ಅಂಚು ಸಹ ಸೇರಬೇಕು. ಅಂದರೆ 30 ಮೀಟರ್ ಉದ್ದದ ಅಂಚಿನ ಕೆಲಸ. ಕೆರೆಯುವುದು, ದುರಸ್ತಿ, ಅಂಚು ಪೂರಕ, ಕಟ್ಟೆಯ ಹಾಸು ಇವುಗಳನ್ನು ಪ್ರತ್ಯೇಕ ಬಾಬ್ತುಗಳಾಗಿ ತೋರಿಸುವುದು ಸೂಕ್ತ.

ಸಿದ್ಧತೆಯು ಮುಚ್ಚಿಹೋಗುವ ಕೆಲಸ. ಹಾಸು ಅಂಟಿಸಿದ ಮೇಲೆ ಅದನ್ನು ಯಾರೂ ಪರಿಶೀಲಿಸಲಾರರು. ಆದುದರಿಂದ ಸಿದ್ಧಗೊಂಡ ಮೆಟ್ಟಿಲನ್ನು ಇಂಜಿನಿಯರ್ ಸ್ಥಳದಲ್ಲಿ ನೋಡಿ, ಛಾಯಾಚಿತ್ರ ತೆಗೆದು, ಅಳತೆ ಪುಸ್ತಕದಲ್ಲಿ ದಾಖಲಿಸಿದ ನಂತರವೇ ಅಂಟಿಸಲು ಅನುಮತಿ ನೀಡುವುದು ಉತ್ತಮ ಪದ್ಧತಿ.

ನಿರ್ವಹಣೆ

ಹಾಸು ಹಾಕಿದ ಮೆಟ್ಟಿಲುಗಳ ಮೇಲೆ ಬಕೆಟ್‌ನಿಂದ ನೀರು ಸುರಿದು ತೊಳೆಯಬಾರದು. ಗುಡಿಸಿ, ಹಿಂಡಿದ ಬಟ್ಟೆಯಿಂದ ಒರೆಸಬೇಕು. ಸೀಮೆಎಣ್ಣೆ, ಪೆಟ್ರೋಲ್ ತಗುಲಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ತಿಂಗಳಿಗೊಮ್ಮೆ ಎಲ್ಲ ಅಂಚುಗಳನ್ನು ಬೆರಳಿನಿಂದ ಒತ್ತಿ ಪರೀಕ್ಷಿಸಿ, ಎದ್ದಿರುವುದನ್ನು ಅಂದೇ ಅಂಟಿಸಬೇಕು. ಅದು ಸಾಧ್ಯವಾಗದಿದ್ದಲ್ಲಿ ಆ ತುಂಡನ್ನು ತೆಗೆದುಹಾಕುವುದೇ ಕ್ಷೇಮ.

ಕೊನೆಯದಾಗಿ, ರಬ್ಬರ್ ಹಾಸು ಕೈಪಿಡಿ ಕಂಬಿಗೂ ಬೆಳಕಿಗೂ ಬದಲಿಯಲ್ಲ. ಇಳಿಜಾರು ದಾರಿಗಂತೂ ಅಲ್ಲವೇ ಅಲ್ಲ. ಸಾರ್ವಜನಿಕ ಕಟ್ಟಡಗಳು ಅಂಗವಿಕಲರಿಗೆ ಸುಗಮವಾಗಿರಬೇಕೆಂದು ವಿಕಲಚೇತನರ ಹಕ್ಕುಗಳ ಅಧಿನಿಯಮ 2016 ವಿಧಿಸುತ್ತದೆ. ಗಾಲಿಕುರ್ಚಿಯಲ್ಲಿ ಬರುವವರಿಗೆ ಎಷ್ಟು ಒಳ್ಳೆಯ ಮೆಟ್ಟಿಲೂ ದಾರಿಯಾಗದು; ಅವರ ಕೆಲಸ ನೆಲ ಅಂತಸ್ತಿನಲ್ಲಿಯೇ ಆಗುವಂತೆ ನೋಡಿಕೊಳ್ಳಬೇಕು. ಮೆಟ್ಟಿಲು ಏರಬಲ್ಲವರಿಗೆ ಮಾತ್ರ, ಬೀಳದೆ ಏರಿ ಬೀಳದೆ ಇಳಿಯುವ ಭರವಸೆಯನ್ನು ಚೆನ್ನಾಗಿ ಸಿದ್ಧಪಡಿಸಿದ ಮೆಟ್ಟಿಲು ಮತ್ತು ಅದರ ಮೇಲಿನ ಹಾಸು ನೀಡಬಲ್ಲವು.