ಅಜ್ಜನ ಕಾರು, ಎಂಜಿನ್ ಯಾರದು?

ನಮ್ಮ ಅನೇಕ ಮನೆತನಗಳಲ್ಲಿ ಹೊಲ, ಮನೆ, ಬಂಗಾರಗಳೊಂದಿಗೆ ಒಂದು ಹಳೆಯ ಕಾರೂ ಹಿರಿಯರ ಆಸ್ತಿಯಾಗಿ ಉಳಿದು ಬಂದಿರುತ್ತದೆ. ಕಾರವಾರ, ಅಂಕೋಲೆಗಳ ಹಂಚಿನ ಮನೆಗಳ ಮಗ್ಗುಲಲ್ಲಿ ತಾಡಪತ್ರಿ ಹೊದ್ದು ನಿಂತ ಅಂಬಾಸಿಡರ್, ಫಿಯೆಟ್, ಜೀಪುಗಳನ್ನು ನಾವು ಕಾಣುತ್ತೇವೆ. ಮೊಮ್ಮಕ್ಕಳು ಅದನ್ನು ದುರಸ್ತಿ ಮಾಡಿಸಲು ಹೊರಟಾಗ, ಇಲ್ಲವೆ ಕೊಳ್ಳುವವರು ಬಾಗಿಲಿಗೆ ಬಂದಾಗ, ಮೊದಲು ಏಳುವ ಪ್ರಶ್ನೆ ಒಂದೇ. ಇದರ ಎಂಜಿನ್ ಕಾರ್ಖಾನೆಯಲ್ಲಿ ಜೋಡಿಸಿದ್ದೋ, ನಡುವೆ ಬದಲಾಯಿಸಿದ್ದೋ?

ಇದು ಕೇವಲ ಹವ್ಯಾಸಿಗಳ ಕುತೂಹಲವಲ್ಲ. ೨೦೨೧ರ ಜುಲೈನಲ್ಲಿ ಕೇಂದ್ರ ಸರಕಾರವು ಹಳೆಯ ವಾಹನಗಳಿಗಾಗಿ ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿತು. ಮೊದಲ ನೋಂದಣಿಯಾಗಿ ೫೦ ವರ್ಷ ಮೀರಿದ, ಚಾಸಿ, ಮೈಕಟ್ಟು, ಎಂಜಿನ್‌ಗಳಲ್ಲಿ ಮಾರ್ಪಾಡಿಲ್ಲದೆ ಮೂಲ ರೂಪದಲ್ಲಿ ಉಳಿದ ಖಾಸಗಿ ವಾಹನಗಳಿಗೆ ‘ವಿಎ’ ಎಂಬ ಅಕ್ಷರಗಳುಳ್ಳ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಗೆ ೨೦,೦೦೦ ರೂಪಾಯಿ ಶುಲ್ಕ, ೧೦ ವರ್ಷದ ಅವಧಿ. ಮರುನೋಂದಣಿಗೆ ೫,೦೦೦ ರೂಪಾಯಿ. ಆದುದರಿಂದ ಎಂಜಿನ್ನಿನ ಮೂಲವು ಈಗ ಬೆಲೆಯ ಮಾತಷ್ಟೇ ಅಲ್ಲ, ಅರ್ಹತೆಯ ಮಾತೂ ಹೌದು.

ನಮ್ಮ ಸೀಮೆಯಲ್ಲಿ ಎಂಜಿನ್ ಬದಲಾಗಲು ಕಾರಣಗಳು ಸಾಕಷ್ಟಿದ್ದವು. ಅಂಕೋಲೆಯಿಂದ ಯಲ್ಲಾಪುರದ ಕಡೆಗೆ ಅರಬೈಲ್ ಘಟ್ಟವನ್ನು ವರ್ಷಗಟ್ಟಲೆ ಹತ್ತಿದ ಎಂಜಿನ್ ಸವೆಯುವುದು ಸಹಜ. ಕಡಲ ಉಪ್ಪುಗಾಳಿ, ಮಳೆಗಾಲದ ತೇವಗಳು ಕಬ್ಬಿಣವನ್ನು ತಿನ್ನುತ್ತವೆ. ಇವಕ್ಕಿಂತ ಮಿಗಿಲಾಗಿ, ೧೯೭೩ ಮತ್ತು ೧೯೭೯ರ ತೈಲ ಬಿಕ್ಕಟ್ಟುಗಳ ತರುವಾಯ ಪೆಟ್ರೋಲು ದುಬಾರಿಯಾಗಲು, ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂಡಿಸುವುದು ದೇಶದಾದ್ಯಂತ ರೂಢಿಯಾಯಿತು. ಅಂದು ಅದು ಸಂಸಾರ ತೂಗಿಸುವ ಜಾಣತನವಾಗಿತ್ತು. ಇಂದು ಅದೇ ಮರೆತುಹೋದ ಸಂಗತಿಯಾಗಿದೆ.

ಮೊದಲು ಕಾಗದ

ಬಾನೆಟ್ ಎತ್ತುವ ಮುನ್ನ ಪೆಟ್ಟಿಗೆ ತೆರೆಯಬೇಕು. ಹಳೆಯ ಆರ್.ಸಿ. ಪುಸ್ತಕ, ಖರೀದಿ ಪಾವತಿ, ವಿಮೆಯ ಕಾಗದ, ಇವುಗಳಲ್ಲಿ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆಗಳು ದಾಖಲಾಗಿರುತ್ತವೆ. ಇದ್ದವುಗಳಲ್ಲಿ ಅತ್ಯಂತ ಹಳೆಯದಾದ ಕಾಗದಕ್ಕೇ ಹೆಚ್ಚಿನ ಬೆಲೆ. ಏಕೆಂದರೆ ಈಚಿನ ಪುಸ್ತಕದಲ್ಲಿರುವುದು ಬದಲಾದ ಎಂಜಿನ್ನಿನ ಸಂಖ್ಯೆಯೇ ಆಗಿರಬಹುದು. ನಮ್ಮ ಜಿಲ್ಲೆಯು ೧೯೫೬ರ ನವೆಂಬರ್ ೧ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಅದಕ್ಕೂ ಹಿಂದಿನ ವಾಹನಗಳ ಕಾಗದ ಆ ಪ್ರಾಂತದ್ದಾಗಿರುತ್ತದೆ. ೧೯೬೧ರ ಡಿಸೆಂಬರಿನವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ಗೋವೆಯಿಂದ ಬಂದ ಕಾರಾದರೆ ಅದರ ಕಾಗದ ಆ ಭಾಷೆಯಲ್ಲಿರಬಹುದು. ಓದಲು ಬಾರದೆಂದು ಎಸೆಯಬಾರದು.

ಬಳಿಕ ಅಂಕಿ

ಎಂಜಿನ್ ಬ್ಲಾಕಿನ ಮೇಲೆ ಎರಡು ಬಗೆಯ ಅಂಕಿಗಳಿರುತ್ತವೆ. ಉಬ್ಬಿದ ಅಂಕಿ ಎರಕ ಹೊಯ್ಯುವಾಗಲೇ ಮೂಡಿದ್ದು. ಅದು ಆ ಅಚ್ಚಿನ ಗುರುತು, ಒಂದೇ ಅಚ್ಚಿನ ಸಾವಿರಾರು ಬ್ಲಾಕುಗಳಲ್ಲಿ ಒಂದೇ ಆಗಿರುತ್ತದೆ. ಒತ್ತಿ ಕೊರೆದ ಅಂಕಿ, ಅಥವಾ ರಿವೆಟ್ ಬಡಿದ ತಗಡಿನ ಮೇಲಿನದು, ಆ ಒಂದು ಎಂಜಿನ್ನಿನದೇ ಸಂಖ್ಯೆ. ಕಾಗದದೊಡನೆ ತಾಳೆ ನೋಡಬೇಕಾದುದು ಈ ಎರಡನೆಯದನ್ನು. ಎರಕದ ಮೇಲೆ ತಾರೀಖು ಇದ್ದರೆ ಅದು ಕಾರು ತಯಾರಾದ ದಿನಕ್ಕಿಂತ ಹಿಂದಿನದಾಗಿರಬೇಕು. ಮುಂದಿನದಾದರೆ ಆ ಬ್ಲಾಕು ನಂತರ ಬಂದದ್ದೆಂಬುದು ನಿಶ್ಚಯ.

ಕರಾವಳಿಯ ಕಾರಿನಲ್ಲಿ ಅಂಕಿಗಳು ತುಕ್ಕಿನಡಿ ಅಡಗಿರುತ್ತವೆ. ಸೀಮೆ ಎಣ್ಣೆಯಲ್ಲಿ ಬಟ್ಟೆ ಅದ್ದಿ ತಾಳ್ಮೆಯಿಂದ ಒರೆಸಬೇಕು. ಗ್ರೈಂಡರ್ ಹಿಡಿದರೆ ತುಕ್ಕಿನೊಡನೆ ಸಾಕ್ಷಿಯೂ ಅಳಿದೀತು. ಆಮೇಲೆ ತೆಳ್ಳನೆಯ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುವುದು ಒಳ್ಳೆಯದು. ಅಂಕಿಗಳ ಸಾಲು ಸೊಟ್ಟಗಿದ್ದರೆ, ಒಂದೊಂದರ ಆಳ ಬೇರೆಯಿದ್ದರೆ, ಅಂಕಿಗಳ ಸುತ್ತ ಅರೆದ ಗುರುತಿದ್ದರೆ ಸಂದೇಹಪಡಬೇಕು.

ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ ಎರಡೂ ಒಂದೇ ಆಗಿರಬೇಕೆಂಬ ನಂಬಿಕೆ ಹಲವರಲ್ಲಿದೆ. ಅದು ಎಲ್ಲ ತಯಾರಕರಿಗೂ ಅನ್ವಯಿಸದು. ಎರಡನೆಯ ಮಹಾಯುದ್ಧದ ಕಾಲದ ಫೋರ್ಡ್ ಜೀಪಿನಲ್ಲಿ ಇವೆರಡೂ ಒಂದೇ. ಅದರ ಜೋಡಿಯಾದ ವಿಲ್ಲೀಸ್ ಜೀಪಿನಲ್ಲಿ ಬೇರೆ ಬೇರೆ. ಬ್ರಿಟನ್ನಿನಲ್ಲೇ ತಯಾರಾದ ಮಾರಿಸ್, ಆಸ್ಟಿನ್‌ಗಳ ಹಲವು ಮಾದರಿಗಳ ನಿರ್ಮಾಣ ದಾಖಲೆಗಳನ್ನು ಗೇಡನ್ನಿನ ಬ್ರಿಟಿಷ್ ಮೋಟರ್ ಮ್ಯೂಸಿಯಂ ಕಾಯ್ದಿರಿಸಿದ್ದು, ಶುಲ್ಕ ಪಡೆದು ಪ್ರಮಾಣಪತ್ರ ನೀಡುತ್ತದೆ.

ಎಂಜಿನ್ನಿನ ವಯಸ್ಸು

ಅಂಕಿ ಓದಲಾಗದಿದ್ದರೂ ಎಂಜಿನ್ನಿನ ಜಾತಕ ತಿಳಿಯಬಹುದು. ೧೯೬೦ರ ದಶಕದ ಅಂಬಾಸಿಡರಿಗೆ ೧೪೮೯ ಸಿ.ಸಿ. ಪೆಟ್ರೋಲ್ ಎಂಜಿನ್ ಇತ್ತು. ಕಂಪೆನಿಯೇ ಡೀಸೆಲ್ ಎಂಜಿನ್ ಕೊಡತೊಡಗಿದ್ದು ೧೯೮೦ರ ಸುಮಾರಿಗೆ. ಇಸುಜು ಕಂಪೆನಿಯ ೧೮೧೭ ಸಿ.ಸಿ. ಎಂಜಿನ್ ಬಂದದ್ದು ೧೯೯೦ರ ದಶಕದ ಆರಂಭದಲ್ಲಿ. ಹಾಗಾಗಿ ೧೯೬೮ರ ಕಾರಿನಲ್ಲಿ ಡೀಸೆಲ್ ಎಂಜಿನ್ನಾಗಲಿ, ಇಸುಜು ಆಗಲಿ ಕಂಡರೆ ಮತ್ತಾವ ಪರೀಕ್ಷೆಯೂ ಬೇಕಿಲ್ಲ. ಫಿಯೆಟ್, ಪದ್ಮಿನಿಗಳ ಪೆಟ್ರೋಲ್ ಎಂಜಿನ್ ೧೦೮೯ ಸಿ.ಸಿ.ಯದು. ಆದರೆ ಅದೇ ಜಾತಿಯ ಇನ್ನೊಂದು ಎಂಜಿನ್ ಕೂಡಿಸಿದ್ದರೆ ಈ ಪರೀಕ್ಷೆ ಸಾಲದು. ಆಗ ಸಂಖ್ಯೆಯೇ ಗತಿ.

ಬದಲಾಗಿದ್ದರೆ?

ಎಂಜಿನ್ ಬದಲಾದುದು ಅಪರಾಧವಲ್ಲ, ಅದನ್ನು ಮುಚ್ಚಿಡುವುದು ಅಪರಾಧ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ ಬದಲಾವಣೆಯನ್ನು ನೋಂದಣಿ ಅಧಿಕಾರಿಗೆ ತಿಳಿಸಿ ಆರ್.ಸಿ.ಯಲ್ಲಿ ದಾಖಲಿಸಲೇಬೇಕು. ನಮ್ಮ ಎರಡೂ ತಾಲೂಕುಗಳಿಗೆ ಅದು ಕೆಎ ೩೦ ಸಂಖ್ಯೆ ನೀಡುವ ಕಾರವಾರದ ಕಚೇರಿ. ದಾಖಲೆಯಿಲ್ಲದ ಎಂಜಿನ್ ಕಳವಿನ ಮಾಲಾಗಿದ್ದರೆ ತೊಂದರೆಗೆ ಸಿಲುಕುವವರು ಈಗಿನ ಮಾಲಿಕರೇ. ಸಂಖ್ಯೆ ಹೊಂದಿಸಲೆಂದು ಹಳೆಯ ಅಂಕಿ ಅಳಿಸಿ ಹೊಸದು ಕೊರೆಸುವುದಂತೂ ನೇರವಾದ ವಂಚನೆ. ಯಾವ ಗ್ಯಾರೇಜಿನವರು ಸಲಹೆ ಕೊಟ್ಟರೂ ಒಪ್ಪಬಾರದು.

ಕಾರು ಕೊಂಡಾಗಿನಿಂದ ಅದನ್ನು ನೋಡಿಕೊಂಡ ಹಿರಿಯರು, ಹಳೆಯ ಮೆಕ್ಯಾನಿಕರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರನ್ನು ಕೇಳಿ, ಎಂಜಿನ್ ಯಾವ ವರ್ಷ, ಎಲ್ಲಿ, ಏಕೆ ಬದಲಾಯಿತೆಂದು ಒಂದು ಹಾಳೆಯಲ್ಲಿ ಬರೆದು, ಪೆನ್ಸಿಲ್ ಅಚ್ಚಿನೊಡನೆ ಆರ್.ಸಿ. ಪುಸ್ತಕದಲ್ಲಿ ಇರಿಸೋಣ. ಮುಂದೆ ಕಾರನ್ನು ಮಾರಿದರೂ, ಮಕ್ಕಳಿಗೆ ಉಳಿಸಿದರೂ, ಆ ಹಾಳೆಯೂ ಕಾರಿನೊಡನೆಯೇ ಹೋಗಲಿ.