ಖಜಾನೆ ಬೀಗದ ಕೈ ಯಾರ ಹತ್ರ?

“ಬಜೆಟ್‌ನಲ್ಲಿ ನಮ್ಮ ರಸ್ತೆಗೆ ದುಡ್ಡು ಬಂತಂತೆ!” ವರ್ಷಾ ವರ್ಷಾ ಬಸ್ ನಿಲ್ದಾಣದಲ್ಲಿ ಕಿವಿಗೆ ಬೀಳುವ ಮಾತಿದು. ಬಂತು ಅನ್ನೋದು ಸ್ವಲ್ಪ ಅವಸರದ ಮಾತು ಸ್ವಾಮಿ. ಮುಖ್ಯಮಂತ್ರಿ ಸಿದ್ದರಾಮಯ್ಯನವರು 2025ರ ಮಾರ್ಚ್ 7ರಂದು 4,09,549 ಕೋಟಿ ರೂಪಾಯಿಗಳ ಬಜೆಟ್ ಮಂಡಿಸಿದರು. ಮಂಡಿಸಿದ ಮಾತ್ರಕ್ಕೆ ಖಜಾನೆಯಿಂದ ಚಿಕ್ಕಾಸೂ ಹೊರಬೀಳುವಂತಿಲ್ಲ.

ಅಂಗಡಿಗೆ ಗಲ್ಲಾ ಇದ್ದ ಹಾಗೆ ಸರ್ಕಾರಕ್ಕೆ ಸಂಚಿತ ನಿಧಿ. ನಾವು ಕಟ್ಟುವ ತೆರಿಗೆ, ಸರ್ಕಾರ ಎತ್ತುವ ಸಾಲ ಎಲ್ಲಾ ಬೀಳೋದು ಅಲ್ಲಿಗೇ. ಕಾನೂನಿನ ಒಪ್ಪಿಗೆ ಇಲ್ಲದೆ ಅದಕ್ಕೆ ಯಾರೂ ಕೈ ಹಾಕಬಾರದು ಅನ್ನುತ್ತದೆ ಸಂವಿಧಾನದ 266ನೇ ವಿಧಿ.

ಅದಕ್ಕೇ ಇಲಾಖೆಗಳ ಖರ್ಚು ‘ಬೇಡಿಕೆ’ಗಳ ರೂಪದಲ್ಲಿ ವಿಧಾನಸಭೆಯ ಮುಂದೆ ಬರಬೇಕು. ಸಭೆ ಒಪ್ಪಬಹುದು, ಇಳಿಸಬಹುದು, ಬೇಡ ಅನ್ನಲೂಬಹುದು, ಏರಿಸುವ ಹಾಗಿಲ್ಲ. ಆಮೇಲೆ ಧನವಿನಿಯೋಗ ವಿಧೇಯಕ. ವಿಧಾನ ಪರಿಷತ್ತು ಇದನ್ನು 14 ದಿನಕ್ಕಿಂತ ಹೆಚ್ಚು ತಡೆಹಿಡಿಯಲಾರದು. ಕೊನೆಗೆ ರಾಜ್ಯಪಾಲರ ಅಂಕಿತ. ಆಗಷ್ಟೇ ಬೀಗ ತೆಗೆಯೋದು.

ಸಾಲದ ಬಡ್ಡಿ, ಹೈಕೋರ್ಟ್ ನ್ಯಾಯಾಧೀಶರ ಸಂಬಳದಂಥ ಬಾಬತ್ತುಗಳಿಗೆ ಮತದಾನವಿಲ್ಲ, ಬರೀ ಚರ್ಚೆ. ಸಾಲ ಮಾಡಿದ ಮೇಲೆ ಬಡ್ಡಿ ಕಟ್ಟಲೇಬೇಕಲ್ಲ! ಮಾರ್ಚ್ 31ರೊಳಗೆ ಈ ಕೆಲಸ ಮುಗಿಯದಿದ್ದರೆ ಕೆಲವು ತಿಂಗಳ ಕೈಖರ್ಚಿಗೆ ಲೇಖಾನುದಾನ ಪಡೆಯುತ್ತಾರೆ. ವರ್ಷದ ನಡುವೆ ದುಡ್ಡು ಸಾಲದಿದ್ದರೆ ಪೂರಕ ಅಂದಾಜು ಹಿಡಿದು ಮತ್ತೆ ಸದನಕ್ಕೇ ಬರಬೇಕು.

ಕಾಗದದ ಮೇಲೆ ಎಲ್ಲಾ ಚೆಂದ. ಆದರೆ ಗೊತ್ತು ಮಾಡಿದ ಹೊತ್ತು ಮೀರಿತೋ, ಉಳಿದ ಬೇಡಿಕೆಗಳನ್ನು ಚರ್ಚೆಯೇ ಇಲ್ಲದೆ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಇದಕ್ಕೆ ಗಿಲೊಟಿನ್ ಅಂತ ಹೆಸರು. ತಲೆ ಕಡಿಯುವ ಯಂತ್ರದ ಹೆಸರದು. ಇಲ್ಲಿ ಕಡಿಯೋದು ಪ್ರಶ್ನೆಗಳನ್ನ. 2018ರ ಮಾರ್ಚ್ 14ರಂದು ಲೋಕಸಭೆಯಲ್ಲಿ ಗದ್ದಲದ ನಡುವೆ 99 ಬೇಡಿಕೆಗಳು ಸುಮಾರು ಅರ್ಧ ಗಂಟೆಯಲ್ಲಿ ಪಾಸಾದವು. ಒಂದು ಮೂಟೆ ಅಕ್ಕಿ ತೂಗಿಸಿ, ಚೌಕಾಸಿ ಮಾಡಿ ಕೊಳ್ಳೋಕೂ ಅಷ್ಟು ಹೊತ್ತು ಹಿಡಿಯುತ್ತೆ!

ಖರ್ಚಾದ ಮೇಲೆ ಮಹಾಲೇಖಪಾಲರು ಲೆಕ್ಕ ನೋಡುತ್ತಾರೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿಚಾರಿಸುತ್ತದೆ, ನಿಜ. ಅದು ಹೋದ ದುಡ್ಡಿನ ಹಿಂದಿನ ಓಟ. ಹೋಗುವ ಮೊದಲು ಕೇಳುವ ಅಧಿಕಾರ ಇರೋದು ಶಾಸಕರಿಗೆ. ಖೋತಾ ಸೂಚನೆ ಕೊಟ್ಟು ಒಂದು ಊರಿನ ದೂರನ್ನೂ ಅವರು ಸದನದಲ್ಲಿ ಎತ್ತಬಹುದು.

ಹಾಗಾಗಿ ಶಾಸಕರು ನಿಮ್ಮ ಬೀದಿಗೆ ಬಂದಾಗ “ರಸ್ತೆಗೆ ಎಷ್ಟು ತಂದಿರಿ?” ಅಂತ ಮಾತ್ರ ಕೇಳಬೇಡಿ. “ಈ ವರ್ಷ ಯಾವ ಬೇಡಿಕೆ ಮೇಲೆ ಮಾತಾಡಿದಿರಿ?” ಅಂತಲೂ ಕೇಳಿ. ಬೀಗದ ಕೈ ಅವರ ಜೇಬಿಗೆ ಹಾಕಿದವರು ನೀವೇ ತಾನೆ?